ಚೇಗು: ಬೆಂಚಿನ ಹಲಗೆಯ ಆಯಸ್ಸು ಇರುವ ಜಾಗ

ದಿಮ್ಮಿಯನ್ನು ಅಡ್ಡ ಕೊಯ್ದರೆ ನಡುವೆ ಗಾಢ ಬಣ್ಣದ ಭಾಗ, ಅದರ ಸುತ್ತ ತೊಗಟೆಯವರೆಗೆ ಬಿಳಿಚಿದ ಪಟ್ಟಿ ಕಾಣುತ್ತದೆ. ಒಳಗಿನದು ಚೇಗು. ತೆಲುಗಿನ ಚೇವ, ತಮಿಳಿನ ಸೇಗು ಇದರ ನಂಟರು. ಬಿಳಿ ಭಾಗದಲ್ಲಿ ನೀರು ಹರಿಯುತ್ತಿರುತ್ತದೆ, ಪಿಷ್ಟ ಕೂಡಿರುತ್ತದೆ. ಮರ ಬಲಿತಂತೆ ಅದರ ಒಳಸುತ್ತಿನ ಜೀವಕೋಶಗಳು ಸತ್ತು, ಅಂಟು, ಎಣ್ಣೆ, ಒಗರು ತುಂಬಿಕೊಂಡು ಚೇಗಾಗುತ್ತವೆ. ಕುಟ್ಟೆಹುಳು ಪಿಷ್ಟದ ಆಸೆಗೆ ಬಿಳಿಯನ್ನು ಕೊರೆದು, ಸಾಮಾನ್ಯವಾಗಿ ಚೇಗಿನ ಗಡಿಯಲ್ಲಿ ನಿಲ್ಲುವುದು ಇದಕ್ಕೇ.

‘ತೇಗದ ಬೆಂಚು’ ಎಂದ ಮಾತ್ರಕ್ಕೆ ನಂಬಬೇಡಿ. ತೇಗದ ಬಿಳಿಯೂ ಹುಳಕ್ಕೆ ಊಟವೇ, ಎಳೆಯ ಮರದಲ್ಲಿ ಅದೇ ಹೆಚ್ಚು. ತೇಗದ ಚೇಗು ಹೊಂಗಂದು. ಹಲಸಿನದು ಅರಿಶಿನದ ಬಣ್ಣ, ಬೆಳಕು ತಾಗಿ ಕ್ರಮೇಣ ಕಂದಾಗುತ್ತದೆ. ರಬ್ಬರ್ ಮರದಲ್ಲಿ ಈ ಗಡಿ ಕಾಣುವುದೇ ಇಲ್ಲ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಉಣಿಸದೆ ಅದನ್ನು ಬಳಸಬಾರದು.

ಚೇಗು ಅಂದರೆ ಒಣಗಿದ್ದು ಎಂದಲ್ಲ. ಹಸಿ ದಿಮ್ಮಿಯ ಚೇಗಿನಲ್ಲೂ ನೀರಿರುತ್ತದೆ. 12 ಇಂಚು ಅಗಲದ ತೇಗದ ಹಲಗೆಯ ತೇವಾಂಶ ಶೇ. 4ರಷ್ಟು ಏರಿಳಿದರೆ ಅಗಲ ಸುಮಾರು 2 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಅಡಿಯ ಅಡ್ಡಪಟ್ಟಿಗೆ ಅಂಟು ಹಾಕದೆ, ನಡುವಿನ ತೂತೊಂದನ್ನು ದುಂಡಗೆ ಬಿಟ್ಟು, ಎರಡೂ ಬದಿಯ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು ಸ್ಕ್ರೂ ಬಿಗಿಯಬೇಕು. ಬಿಗಿಯಾಗಿ ಕಟ್ಟಿಹಾಕಿದ ಹಲಗೆ ಬೇಸಿಗೆಯಲ್ಲಿ ಸೀಳುತ್ತದೆ. ದಿಮ್ಮಿಯ ನಟ್ಟನಡುವಿನ ಚುಕ್ಕಿ ಸೇರಿರುವ ಹಲಗೆಯಂತೂ ಹೇಗೆ ಕೂರಿಸಿದರೂ ಬಿರಿಯುತ್ತದೆ, ಅದನ್ನು ಸೀಳಿ ತೆಗೆದುಬಿಡಿ.

ಯಾವ ಮುಖ ಮೇಲೆ ಬರಬೇಕು? ಹಲಗೆಯ ತುದಿಯಲ್ಲಿ ಬಳೆಗಳ, ಅಂದರೆ ಮರ ಬೆಳೆದ ಸುತ್ತುಗಳ, ಕಮಾನು ನೋಡಿ. ಕಮಾನಿನ ಉಬ್ಬು ತೊಗಟೆಯ ಕಡೆ, ತಗ್ಗು ಚೇಗಿನ ಕಡೆ. ಒಣಗುವಾಗ ಅಂಚುಗಳು ತೊಗಟೆಯ ಕಡೆಗೆ ಏಳುತ್ತವೆ. ಅಂಗಳದ ಬೆಂಚಿಗೆ ಚೇಗಿನ ಮುಖ ಮೇಲಿದ್ದರೆ ನಡು ತುಸು ಉಬ್ಬಿ ಮಳೆನೀರು ಜಾರಿಹೋಗುತ್ತದೆ. ತಿರುವಿ ಹಾಕಿದರೆ ಹಲಗೆಯೇ ದೋಣಿ.

ಚೇಗಿನ ಎಣ್ಣೆ ಅಂಟಿಗೆ ಶತ್ರು. ಎರಡು ತೇಗದ ಹಲಗೆ ಜೋಡಿಸುವಾಗ ಅಂಚನ್ನು ಹೊಸದಾಗಿ ಹತ್ತರಿ (ಮರ ಹೆರೆಯುವ ಸಾಧನ) ಹೊಡೆದು, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಉಜ್ಜಲು 80, 120, 180ರ ಸ್ಯಾಂಡ್ ಪೇಪರ್ ಸಾಕು, ಮರದ ಎಳೆಗಳ ಉದ್ದಕ್ಕೇ. ಬಿಳಿ ಭಾಗ ಎಣ್ಣೆಯನ್ನು ಹೆಚ್ಚು ಕುಡಿಯುವುದರಿಂದ ಎರಡೂ ಸೇರಿದ ಹಲಗೆಯಲ್ಲಿ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, 15 ನಿಮಿಷದಲ್ಲಿ ಉಳಿದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಬಯಲಲ್ಲಿ ಹರವಿ ಒಣಗಿಸಬೇಕು. ಅಡಿಮುಖಕ್ಕೂ ತುದಿಗಳಿಗೂ ಅಷ್ಟೇ ಸಲ ಎಣ್ಣೆ ಬೀಳಬೇಕು, ಇಲ್ಲದಿದ್ದರೆ ಎರಡು ಮುಖ ಎರಡು ವೇಗದಲ್ಲಿ ತೇವ ಹೀರಿ ಹಲಗೆ ಸೊಟ್ಟಗಾಗುತ್ತದೆ.