ಬಾಸ್ಕೆಟ್‌ಬಾಲ್ ಗಡಿಯಾರ ಯಾರ ಕೈಯಲ್ಲಿದೆ?

ಪಂದ್ಯ ಮುಗಿಯೋಕೆ ಎರಡೇ ಸೆಕೆಂಡ್ ಬಾಕಿ. ರೆಫರಿ ಸೀಟಿ ಊದುತ್ತಾರೆ, ಗಡಿಯಾರ ನೋಡಿಕೊಳ್ಳುವವರು ಕೂತ ಮೇಜಿನ ಹತ್ತಿರ ಹೋಗುತ್ತಾರೆ, ಗಡಿಯಾರಕ್ಕೆ 0.7 ಸೆಕೆಂಡ್ ವಾಪಸ್ ಸೇರಿಸಿ ಅನ್ನುತ್ತಾರೆ. ಒಂದು ಕಡೆಯವರಿಗೆ ಖುಷಿ, ಇನ್ನೊಂದು ಕಡೆಯವರಿಗೆ ಸಿಟ್ಟು. ಆ 0.7 ಎಲ್ಲಿಂದ ಬಂತು ಅಂತ ನೋಡುವವರಿಗೆ ತಲೆಬುಡ ಅರ್ಥವಾಗಲ್ಲ.

1891ರಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಹೊತ್ತು ನೋಡುವ ಕೆಲಸವೂ ರೆಫರಿಯದ್ದೇ. 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಮುಂದಿನ ಅರವತ್ತು ವರ್ಷದ ದೊಡ್ಡ ತಲೆನೋವು ಗಡಿಯಾರ ತಪ್ಪುವುದಲ್ಲ, ಗೆಲ್ಲುತ್ತಿರುವ ತಂಡ ಚೆಂಡು ಹಿಡಿದು ಸುಮ್ನೆ ಹೊತ್ತು ಕಳೆಯುವುದು. 1950ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಒಂದು ಪಂದ್ಯ 19–18ಕ್ಕೆ ಮುಗಿಯಿತು. 1954ರಲ್ಲಿ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದರು. ಒಳ್ಳೆ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಹೊಡೆಯುತ್ತವೆ. 48 ನಿಮಿಷ ಅಂದರೆ 2,880 ಸೆಕೆಂಡ್. ಭಾಗಿಸಿದರೆ 24. ಹೀಗೆ ಶಾಟ್ ಕ್ಲಾಕ್ ಹುಟ್ಟಿತು, ಅಂದರೆ ಚೆಂಡು ಸಿಕ್ಕ ತಂಡ ಅಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಹೊಡೆಯಲೇಬೇಕು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 1956ರಲ್ಲಿ 30 ಸೆಕೆಂಡ್ ತಂದು, 2000ದಲ್ಲಿ 24ಕ್ಕೆ ಇಳಿಸಿತು.

ಮೇಜಿಗೂ ರೆಫರಿಗೂ ನಡುವಿನ ಕೊಂಡಿ ಕಳಚಿದರೆ ಏನಾಗುತ್ತದೆ ಅಂತ ಜಗತ್ತು ನೋಡಿದ್ದು 1972ರ ಮ್ಯೂನಿಕ್ ಒಲಿಂಪಿಕ್ ಫೈನಲ್‌ನಲ್ಲಿ. 3 ಸೆಕೆಂಡ್ ಉಳಿದಿದ್ದಾಗ ಅಮೆರಿಕದ ಡಗ್ ಕಾಲಿನ್ಸ್‌ಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಬುಟ್ಟಿಗೆ ಹೊಡೆಯುವ ಅವಕಾಶ. ಎರಡನೆಯದಕ್ಕೆ ಕೈ ಎತ್ತುವಾಗಲೇ ಬಜರ್ ಕೂಗಿತು. ಚೆಂಡು ಒಳಗೆ ಬಿತ್ತು, ಅಮೆರಿಕ 50–49. ಸೋವಿಯತ್ ತಂಡ ಗೆರೆಯಾಚೆಯಿಂದ ಚೆಂಡನ್ನು ಅಂಗಳಕ್ಕೆ ಎಸೆದು ಆಟ ಶುರುಮಾಡಿತು. 1 ಸೆಕೆಂಡ್ ಇರುವಾಗ ಆಟ ನಿಂತಿತು, ನಾವು ಟೈಮೌಟ್ ಕೇಳಿದ್ದೆವು ಅಂತ ಅವರ ತಕರಾರು. ಗಡಿಯಾರವನ್ನು 3 ಸೆಕೆಂಡ್‌ಗೆ ತನ್ನಿ ಅಂತ ಹೇಳಲಾಯಿತು. ಆದರೆ ಮೇಜಿನವರು ಗಡಿಯಾರ ತಿರುಗಿಸುತ್ತಾ ಇರುವಾಗಲೇ ರೆಫರಿ ಚೆಂಡು ಕೊಟ್ಟುಬಿಟ್ಟರು. ಆಗ ಫಲಕದಲ್ಲಿ 50 ಸೆಕೆಂಡ್ ಕಾಣುತ್ತಿತ್ತು! ಮತ್ತೆ ಬಜರ್, ಅಮೆರಿಕನ್ನರು ಕುಣಿದಾಡಿದರು. ಮೂರನೇ ಸಲ ಅದೇ 3 ಸೆಕೆಂಡ್ ಆಡಿಸಿದಾಗ ಅಲೆಕ್ಸಾಂಡರ್ ಬೆಲೋವ್ ಬುಟ್ಟಿ ಹಾಕಿದರು. 51–50. ಅಮೆರಿಕದ ಆಟಗಾರರು ಬೆಳ್ಳಿ ಪದಕ ತೆಗೆದುಕೊಳ್ಳಲೇ ಇಲ್ಲ.

ಇದರಲ್ಲಿ ಯಾರದ್ದು ತಪ್ಪು ಅನ್ನುವ ಜಗಳ ಇನ್ನೂ ನಿಂತಿಲ್ಲ. ನನಗೆ ಕಾಣುವುದು ಬೇರೆ. ಚೆಂಡು ಆಟಗಾರನ ಕೈಗೆ ಕೊಡುವ ಮುಂಚೆ ಒಂದು ಸಲ ಫಲಕದ ಕಡೆ ಕಣ್ಣು ಹಾಯಿಸುವುದು ಇದೆಯಲ್ಲ, ಆ ಒಂದು ಅಭ್ಯಾಸವೇ ಎಷ್ಟೋ ಪಂದ್ಯ ಉಳಿಸುತ್ತದೆ.

ಇವತ್ತು ಸೈಡ್‌ಲೈನ್‌ನಲ್ಲಿ ನಿಂತ ರೆಫರಿಯನ್ನೇ ಗಮನಿಸಿ. ಅಂಗೈ ಮೇಲೆತ್ತಿರುತ್ತದೆ, ಅಂದರೆ ಗಡಿಯಾರ ನಿಂತಿದೆ. ಚೆಂಡು ಅಂಗಳದೊಳಗೆ ಬಂದು ಆಟಗಾರನಿಗೆ ತಾಗಿದ ಕ್ಷಣ ಆ ಕೈ ಸರ್ರನೆ ಕೆಳಗಿಳಿಯುತ್ತದೆ. ಮೇಜಿನ ಟೈಮರ್ ಬಟನ್ ಒತ್ತುವುದು ಆಗಲೇ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಒಂದಿಷ್ಟು ಹೊತ್ತು ಸೋರಿಹೋಗುತ್ತದೆ. ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸತೊಡಗಿದ ಮೇಲೆ ಈ ಸೋರಿಕೆ ಎಲ್ಲರಿಗೂ ಕಾಣುತ್ತಿದೆ. ಬೆರಳಿನ ವೇಗವಂತೂ ಜಾಸ್ತಿಯಾಗಿಲ್ಲ, ಅಲ್ವಾ?

1990ರಲ್ಲಿ ನ್ಯೂಯಾರ್ಕ್ ತಂಡದ ಟ್ರೆಂಟ್ ಟಕರ್ 0.1 ಸೆಕೆಂಡ್‌ನಲ್ಲಿ ಚೆಂಡು ಹಿಡಿದು, ತಿರುಗಿ, ಮೂರು ಅಂಕ ಗಳಿಸಿದರು. ಅಷ್ಟರಲ್ಲಿ ಅದು ಆಗುವ ಮಾತೇ ಅಲ್ಲ. ಹಾಗಾಗಿ ಹಿಡಿದು ಹೊಡೆಯಲು ಕನಿಷ್ಠ 0.3 ಸೆಕೆಂಡ್ ಇರಲೇಬೇಕು ಅನ್ನುವ ನಿಯಮ ಬಂತು. ಸೀಟಿಯ ಸದ್ದು ಕೇಳಿದೊಡನೆ ಗಡಿಯಾರ ನಿಲ್ಲಿಸುವ ಸಾಧನ, ಹೊತ್ತು ಮುಗಿದೊಡನೆ ಬೆಳಗುವ, ಬುಟ್ಟಿಯ ಹಲಗೆ ಸುತ್ತಲಿನ ಕೆಂಪು ದೀಪ, 2002ರಿಂದ ಎನ್‌ಬಿಎಯಲ್ಲಿ ರೀಪ್ಲೇ, ಒಂದೊಂದಾಗಿ ಸೇರಿಕೊಂಡವು.

ಶಾಟ್ ಕ್ಲಾಕ್ ಕೆಲಸ ಇನ್ನೂ ಕಷ್ಟ. ಚೆಂಡು ರಿಂಗ್‌ಗೆ ತಾಗಿತಾ, ಇಲ್ವಾ? ತಾಗಿದ ಮೇಲೆ ಹೊಡೆದ ತಂಡಕ್ಕೇ ಸಿಕ್ಕರೆ 14 ಸೆಕೆಂಡ್, ಎದುರಾಳಿಗೆ ಸಿಕ್ಕರೆ 24. ಫಿಬಾ ಇದನ್ನು 2014ರಲ್ಲಿ, ಎನ್‌ಬಿಎ 2018ರಲ್ಲಿ ತಂದವು. ನಾಲ್ಕೈದು ಕೈಗಳು ಚೆಂಡಿಗಾಗಿ ಕಿತ್ತಾಡುವಾಗ ಮೇಜಿನಲ್ಲಿ ಕೂತವರು ಕಾಯಬೇಕು. ಚೆಂಡು ಯಾರದ್ದು ಅಂತ ಖಚಿತವಾಗದೆ ಒತ್ತುವ ಹಾಗಿಲ್ಲ. ತಡ ಮಾಡುವ ಹಾಗೂ ಇಲ್ಲ. ತಪ್ಪಿದರೆ ರೆಫರಿ ಆಟ ನಿಲ್ಲಿಸಿ ತಿದ್ದಿಸುತ್ತಾರೆ, ಗ್ಯಾಲರಿ ಅವರ ಮೇಲೇ ಕೂಗಾಡುತ್ತದೆ.

ಆ 0.7 ಬರುವುದೂ ಹೀಗೇ. ಬೆರಳು ಒತ್ತಿದ್ದು ಯಾವಾಗ ಅಂತ ರೀಪ್ಲೇ ನೋಡಲ್ಲ. ಚೆಂಡು ಆಟಗಾರನಿಗೆ ತಾಗಿದ್ದು ಯಾವಾಗ, ಆಟ ನಿಲ್ಲಬೇಕಿದ್ದದ್ದು ಯಾವಾಗ ಅಂತ ಒಂದೊಂದೇ ಚಿತ್ರ ನಿಲ್ಲಿಸಿ ಎಣಿಸುತ್ತದೆ.