ಓದುಗರ ಪ್ರಶ್ನೆ: ಆಸ್ಪತ್ರೆ ಚಾಪ್ಲಿನ್ ಬಂದ್ರೆ ನಮ್ಮ ರೋಗಿಗೆ ಯಾವ ದೇವರ ಪ್ರಾರ್ಥನೆ ಮಾಡ್ತಾರೆ?

ಕುಮಟಾದಿಂದ ಒಬ್ರು ಕೇಳಿದ್ದಾರೆ: "ಅಪ್ಪನ್ನ ಮಂಗಳೂರಲ್ಲಿ ಅಡ್ಮಿಟ್ ಮಾಡಿದ್ವಿ. ಎರಡನೇ ದಿನ ಕೊರಳಿಗೆ ಐಡಿ ಕಾರ್ಡ್ ಹಾಕ್ಕೊಂಡ ಒಬ್ರು ಬಂದು, ನಾನು ಇಲ್ಲಿಯ ಚಾಪ್ಲಿನ್, ಸ್ವಲ್ಪ ಹೊತ್ತು ಕೂತು ಮಾತಾಡ್ಲಾ ಅಂತ ಕೇಳಿದ್ರು. ಆಯಿ ಹೆದರಿ ಬೇಡ ಅಂತ ಕಳ್ಸಿಬಿಟ್ಲು. ಆಮೇಲೆ ಅಪ್ಪ, ಪಾಪ ಮಾತಾಡಿದ್ರೆ ಎಂತ ಆಗ್ತಿತ್ತು ಅಂದ್ರು. ಇವರು ಯಾರು, ಬೇರೆ ಧರ್ಮದ ರೋಗಿ ಹತ್ರ ಬಂದು ಎಂತ ಮಾಡ್ತಾರೆ, ತಮ್ಮ ದೇವರ ಪ್ರಾರ್ಥನೆ ಮಾಡ್ತಾರಾ?"

ಮೊದ್ಲು ಆಯಿಗೆ ಹೇಳಿ, ಅವರು ಬೇಡ ಅಂದದ್ರಲ್ಲಿ ಏನೂ ತಪ್ಪಿಲ್ಲ. ಬೇಡ ಅಂದ ಕೂಡ್ಲೇ ಆ ಮನುಷ್ಯ ಎದ್ದು ಹೋದ್ರಲ್ಲ, ಅವರು ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ ಅಂತ ಅರ್ಥ. ಚಾಪ್ಲಿನ್ ಅಂದ್ರೆ ರೋಗಿ ಮತ್ತು ಮನೆಯವರ ಹತ್ರ ಕೂತು ಅವರ ಹೆದರಿಕೆ, ನೋವು, ನಂಬಿಕೆಯ ಮಾತು ಕೇಳ್ಲಿಕ್ಕೆ ಆಸ್ಪತ್ರೇಲಿ ಇರೋರು. ಇನ್ನು ಯಾವ ದೇವರ ಪ್ರಾರ್ಥನೆ ಅನ್ನೋದಕ್ಕೆ ನೇರ ಉತ್ತರ ಅಂದ್ರೆ ನಿಮ್ಮಪ್ಪ ಯಾವ ದೇವರನ್ನ ಕರೀತಾರೋ ಆ ದೇವರದ್ದು, ಅದೂ ಅವರು ಕೇಳಿದ್ರೆ ಮಾತ್ರ, ಯಾರನ್ನೂ ಕರೆಯೋದಿಲ್ಲ ಅಂದ್ರೆ ಪ್ರಾರ್ಥನೆಯ ಮಾತೇ ಇಲ್ಲ, ಸುಮ್ನೆ ಕೂತು ಗದ್ದೆ ವಿಷ್ಯ ಮಾತಾಡಿ ಬರೋದೂ ಉಂಟು.

ನಾನು ಕಾರವಾರದ ಕಡೆಯವಳು, ಕ್ರಿಶ್ಚನ್, ಆದ್ರೆ ಮಠದ ಸಿಸ್ಟರ್ ಅಲ್ಲ, ಸಂಸಾರಸ್ಥೆ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ. ಆಸ್ಪತ್ರೆ ಹೆಸರು ಹೇಳೋದಿಲ್ಲ, ಇಲ್ಲಿ ಬರೆಯೋ ರೋಗಿಗಳ ಗುರುತು ಸಿಗಬಾರ್ದು ಅಂತ ಊರು ವಯಸ್ಸು ಸ್ವಲ್ಪ ಬದಲು ಮಾಡಿದ್ದೇನೆ. ನಮ್ಮ ಕಡೆಯವರು ನನ್ನನ್ನ ಒಬ್ಬೊಬ್ರು ಒಂದೊಂದು ಹೆಸರಲ್ಲಿ ಕರೀತಾರೆ, ಕೊಂಕಣಿಯವರು ಬಾಯಿ ಅಂತ, ಘಟ್ಟದ ಮೇಲಿನವರು ಅಕ್ಕ ಅಂತ, ಭಟ್ಕಳದವರು ಬೆಹೆನ್ ಅಂತ. ಚಾಪ್ಲಿನ್ ಅಂತ ಇಷ್ಟು ವರ್ಷದಲ್ಲಿ ಯಾರೂ ಕರೆದಿಲ್ಲ.

ಆ ಶಬ್ದ ಎಲ್ಲಿಂದ ಬಂತು ಅಂತ ಕೇಳ್ತಾರೆ. ನಾಲ್ಕನೇ ಶತಮಾನದಲ್ಲಿ ಮಾರ್ಟಿನ್ ಅಂತ ಒಬ್ಬ ರೋಮನ್ ಸೈನಿಕ ಚಳೀಲಿ ನಡುಗ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನ ಕತ್ತಿಯಿಂದ ಎರಡು ಭಾಗ ಮಾಡಿ ಅರ್ಧ ಕೊಟ್ಟ ಅನ್ನೋ ಕತೆ ಉಂಟು, ಲ್ಯಾಟಿನ್‌ನಲ್ಲಿ ಆ ಮೇಲಂಗಿಗೆ ಕಾಪ್ಪಾ ಅಂತಾರೆ, ಅದನ್ನ ಕಾಯ್ತಿದ್ದ ಪಾದ್ರಿಗಳು ಕಾಪೆಲ್ಲಾನಿ, ಅಲ್ಲಿಂದ ಚಾಪ್ಲಿನ್. ಹಾಗಾಗಿ ಶಬ್ದ ಕ್ರೈಸ್ತರದ್ದೇ. ಆದ್ರೆ ಇವತ್ತು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಂದೂ, ಮುಸ್ಲಿಂ ಚಾಪ್ಲಿನ್‌ಗಳಿದ್ದಾರೆ, ದೇವರನ್ನ ನಂಬದವರಿಗೆ ಅಂತ ನಂಬದವರೇ ಆದ ಚಾಪ್ಲಿನ್‌ಗಳೂ ಇದ್ದಾರೆ. ಜಪಾನಿನಲ್ಲಿ 2011ರ ಸುನಾಮಿ ಆದ್ಮೇಲೆ ತೊಹೊಕು ಯೂನಿವರ್ಸಿಟೀಲಿ ಬೌದ್ಧ ಭಿಕ್ಷುಗಳನ್ನೂ ಬೇರೆ ಧರ್ಮದ ಗುರುಗಳನ್ನೂ ಒಟ್ಟಿಗೆ ಕೂರಿಸಿ ಈ ಕೆಲಸಕ್ಕೆ ತರಬೇತಿ ಕೊಡ್ಲಿಕ್ಕೆ ಶುರು ಮಾಡಿದ್ರು. ನಮ್ಮ ದೇಶದಲ್ಲಿ ಮಾತ್ರ ಇನ್ನೂ ಜಾಸ್ತಿ ಕಾಣೋದು ಮಿಷನ್ ಆಸ್ಪತ್ರೆಗಳಲ್ಲಿ, ಆಮೇಲೆ ಕ್ಯಾನ್ಸರ್ ಕೊನೇ ಹಂತದವರನ್ನ ನೋಡ್ಕೊಳ್ಳೋ ಪ್ಯಾಲಿಯೇಟಿವ್ ಕೇರ್ ಜಾಗಗಳಲ್ಲಿ. ಅದಕ್ಕೇ ಜನರಿಗೆ ಅನುಮಾನ ಬರ್ತದೆ, ಬರೋದು ಸಹಜ, ನನಗೆ ಅದ್ರ ಬಗ್ಗೆ ಬೇಜಾರಿಲ್ಲ. ಮಲಗಿಕೊಂಡ, ಹೆದರಿದ, ಎದ್ದು ಹೋಗ್ಲಿಕ್ಕಾಗದ ಮನುಷ್ಯನ ಹತ್ರ ಯಾರಾದ್ರೂ ತನ್ನ ಧರ್ಮ ಮಾರ್ಲಿಕ್ಕೆ ಹೋದ್ರೆ ಅದು ದೊಡ್ಡ ಅನ್ಯಾಯ. ನಮ್ಮ ಕೆಲಸದಲ್ಲಿ ಮೊದಲನೇ ದಿನ ಹೇಳಿಕೊಡೋದೇ ಅದನ್ನ, ಹಾಗೆ ಯಾರಾದ್ರೂ ಮಾಡಿದ್ರೆ ನೀವು ಸೀದಾ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಕಂಪ್ಲೇಂಟ್ ಕೊಡಿ, ಹಿಂದೆಮುಂದೆ ನೋಡ್ಬೇಡಿ.

ಹಾಗಾದ್ರೆ ಎಂತ ಮಾಡ್ತೀರಿ ಅಂದ್ರೆ, ಒಂದು ಘಟನೆ ಹೇಳ್ತೇನೆ.

ಅಂಕೋಲಾ ಕಡೆಯ ಹಾಲಕ್ಕಿ ಅಜ್ಜಿ ಒಬ್ರು ಉಸಿರಾಟದ ತೊಂದರೆ ಅಂತ ಬಂದಿದ್ರು. ಎದೆಯ ಸ್ಕ್ಯಾನ್ ಆಗ್ಬೇಕು, ಕೊರಳಲ್ಲಿರೋದೆಲ್ಲ ತೆಗೀಬೇಕು. ಹಾಲಕ್ಕಿ ಹೆಂಗಸರ ಕರಿಮಣಿ ಸರ ನೀವು ನೋಡಿರ್ತೀರಿ, ಒಂದೆರಡು ಎಳೆ ಅಲ್ಲ, ಕುತ್ತಿಗೆಯಿಂದ ಎದೆ ತನಕ ಸುತ್ತು ಸುತ್ತು. ಅಜ್ಜಿ ಎರಡೂ ಕೈಯಲ್ಲಿ ಸರ ಗಟ್ಟಿ ಹಿಡ್ಕೊಂಡು "ನಾ ಕೊಡುದಿಲ್ಲ" ಅಂತ ಕೂತ್ರು, ಹೊರಗೆ ಸ್ಕ್ಯಾನಿಗೆ ಇನ್ನೂ ಆರು ಜನ ಕಾಯ್ತಿದ್ರು, ವಾರ್ಡ್ ಬಾಯ್ ಒಂದು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಇದ್ರೊಳಗೆ ಹಾಕಿ ಅಜ್ಜಿ ಅಂತ ಹೇಳ್ತಾನೇ ಇದ್ದ. ನನ್ನನ್ನ ಕರೆದ್ರು. ನಾನು ಹೋಗಿ ಸ್ಟೂಲ್ ಎಳ್ಕೊಂಡು ಅಜ್ಜಿ ಮುಖಕ್ಕೆ ಸಮ ಕೂತೆ, ಹಾಸಿಗೆ ಮೇಲೆ ಕೂರಬಾರ್ದು, ನಿಂತೂ ಮಾತಾಡಬಾರ್ದು, ಅದೊಂದು ಅಭ್ಯಾಸ. ಈ ಸರ ಯಾವಾಗಿಂದ ಹಾಕಿದ್ದು ಅಜ್ಜೀ ಅಂತ ಕೇಳಿದೆ. ಅಜ್ಜಿ ಒಂದೊಂದೇ ಎಳೆ ಮುಟ್ಟಿ ಹೇಳ್ತಾ ಹೋದ್ರು, ಇದು ಅವ್ವ ಕೊಟ್ಟದ್ದು, ಇದು ಮದುವೇಲಿ, ಇದು ಮಗ ಹುಟ್ಟಿದಾಗ, ಆ ಮಗ ಈಗಿಲ್ಲ. ಕೊನೆಗೆ ಗೊತ್ತಾದದ್ದು ಏನಂದ್ರೆ ಅಜ್ಜಿಗೆ ಬಿಚ್ಚೋದು ಕಷ್ಟ ಅಲ್ಲ, ಅದನ್ನ ಕವರಿನೊಳಗೆ ಹಾಕಿ ಮೇಜಿನ ಮೇಲೆ ಇಡೋದು ಕಷ್ಟ, ಮನುಷ್ಯರ ಮೈ ಮೇಲೆ ಇರಬೇಕಾದ್ದು ಅದು. ಯಾರ ಮೈ ಮೇಲೆ ಇದ್ರೆ ಅಡ್ಡಿಲ್ಲ ಅಂತ ಕೇಳಿದೆ. ಮೊಮ್ಮಗಳು ಬಾಗಿಲ ಹತ್ರ ನಿಂತಿತ್ತು, ಹದಿನೇಳು ಹದಿನೆಂಟರ ಹುಡುಗಿ, ಚೂಡಿದಾರ. ಅಜ್ಜಿ ಅವಳನ್ನ ಹತ್ರ ಕರೆದು ತಾವೇ ಒಂದೊಂದು ಎಳೆ ತೆಗೆದು ಅವಳ ಕೊರಳಿಗೆ ಹಾಕಿದ್ರು, ಇಪ್ಪತ್ತು ನಿಮಿಷ ಹಿಡೀತು. ಆ ಹುಡುಗಿ ಚೂಡಿದಾರದ ಮೇಲೆ ಅಷ್ಟೂ ಕರಿಮಣಿ ಹಾಕ್ಕೊಂಡು ಸ್ಕ್ಯಾನ್ ರೂಮಿನ ಹೊರಗೆ ಅಲ್ಲಾಡದೆ ನಿಂತಿತ್ತು, ಅಜ್ಜಿ ಹೊರಗೆ ಬಂದ ಕೂಡ್ಲೇ ವಾಪಸ್ ಹಾಕಿಸ್ಕೊಂಡ್ರು.

ಅಲ್ಲಿ ಯಾವ ಪ್ರಾರ್ಥನೆಯೂ ಆಗಿಲ್ಲ, ಯಾವ ದೇವರ ಹೆಸರೂ ಬಂದಿಲ್ಲ. ಆದ್ರೆ ನನ್ನ ಲೆಕ್ಕದಲ್ಲಿ ನಾನು ಮಾಡಿದ ಒಳ್ಳೇ ಕೆಲಸದಲ್ಲಿ ಅದೂ ಒಂದು.

ಇಂಥದ್ದು ದಿನಾ ಇರ್ತದೆ. ಆಪರೇಷನ್‌ಗೆ ಮುಂಚೆ ತಾಳಿ ತೆಗೀರಿ ಅಂದಾಗ ಗಂಡ ಬದುಕಿರುವಾಗ ಹೇಗೆ ತೆಗೀಲಿ ಅಂತ ಅಳೋ ಹೆಂಗಸಿಗೆ ಅರಿಶಿನ ಕೊಂಬು ಕಟ್ಟಿದ ದಾರ ಆಗ್ತದಾ ಅಂತ ಥಿಯೇಟರ್ ಸಿಸ್ಟರ್ ಹತ್ರ ಕೇಳಿ ಬರೋದು. ಸಾಯೋ ಸ್ಥಿತೀಲಿರೋರಿಗೆ ತುಳಸಿ ನೀರು ಹಾಕ್ಬೇಕು ಅಂತ ಮನೆಯವರು ಹಟ ಹಿಡೀತಾರೆ, ನುಂಗ್ಲಿಕ್ಕಾಗದವರ ಬಾಯಿಗೆ ನೀರು ಸುರಿದ್ರೆ ಶ್ವಾಸಕೋಶಕ್ಕೆ ಹೋಗ್ತದೆ, ಹಾಗಾಗಿ ಹತ್ತಿ ಅದ್ದಿ ತುಟಿ ಒದ್ದೆ ಮಾಡಿ ಅಂತ ಡಾಕ್ಟರ ಹತ್ರ ಒಪ್ಪಿಗೆ ತಗೊಂಡು ಮಗನ ಕೈಯಲ್ಲೇ ಮಾಡಿಸೋದು. ಐಸಿಯುನಲ್ಲಿ ದೀಪ, ಊದುಬತ್ತಿ ಹಚ್ಚೋ ಹಾಗಿಲ್ಲ, ಆಕ್ಸಿಜನ್ ಇರೋ ಜಾಗದಲ್ಲಿ ಬೆಂಕಿ ಅಪಾಯ, ಆದ್ರೆ ಇಡಗುಂಜಿಯ ಪ್ರಸಾದದ ಪೊಟ್ಟಣ ದಿಂಬಿನ ಹತ್ರ ಇಡ್ಲಿಕ್ಕೆ ಅಡ್ಡಿ ಇಲ್ಲ. ಮುಸ್ಲಿಂ ರೋಗಿಗಳ ಮನೆಯವರು ಕಿಬ್ಲಾ, ಅಂದ್ರೆ ಮೆಕ್ಕಾದ ಕಡೆ ಮುಖ ಮಾಡಿಸ್ಬೇಕು ಅಂತಾರೆ, ನಮ್ಮ ಕರಾವಳೀಲಿ ಅದು ಹೆಚ್ಚುಕಮ್ಮಿ ಕಡಲಿನ ದಿಕ್ಕು, ಮಂಚ ತಿರುಗಿಸ್ಲಿಕ್ಕೆ ಆಗ್ತದಾ, ಪೈಪು ಎಳೀತದಾ, ಅಷ್ಟು ನೋಡಿದ್ರೆ ಆಯ್ತು.

ಹೆದರಿಕೆ ನಮ್ಮ ಕ್ರಿಶ್ಚನ್‌ರಲ್ಲೂ ಉಂಟು ಅಂತ ಆಯಿಗೆ ಹೇಳಿ. ಫಾದರ್ ಎಣ್ಣೆ ಹಚ್ಚಲಿಕ್ಕೆ ಬಂದ್ರು ಅಂದ್ರೆ ಇನ್ನು ಮುಗೀತು ಅಂತ ಎಷ್ಟೋ ಮನೆಯವರು ಬಾಗಿಲಲ್ಲೇ ತಡೀತಾರೆ. ಹಿಂದೆ ಅದಕ್ಕೆ ಅಂತ್ಯಕಾಲದ ಅಭ್ಯಂಗ ಅಂತಲೇ ಹೆಸರಿತ್ತು, ಚರ್ಚು ಅದನ್ನ ಬದಲಾಯಿಸಿ ರೋಗಿಗಳ ಅಭ್ಯಂಗ ಅಂತ ಮಾಡಿ 1972ರಲ್ಲೇ ಹೊಸ ಕ್ರಮ ತಂದಿದೆ, ಗುಣ ಆಗ್ಲಿ ಅಂತ ಬೇಡೋ ವಿಧಿ ಅದು. ಆದ್ರೂ ಭಯ ಹೋಗಿಲ್ಲ. ಅದನ್ನ ಪಾದ್ರಿಗಳೇ ಕೊಡ್ಬೇಕು, ನನಗೆ ಅಧಿಕಾರ ಇಲ್ಲ, ನಾನು ಫೋನ್ ಮಾಡಿ ಕರೆಸ್ತೇನೆ ಅಷ್ಟೇ. ಹಾಗೇ ಭಟ್ರನ್ನ, ಮೌಲ್ವಿಯವರನ್ನ, ಮುಂಡಗೋಡ ಕಡೆಯ ಟಿಬೆಟಿಯನ್ ರೋಗಿ ಆದ್ರೆ ಲಾಮಾ ಅವರನ್ನ, ಯಾರು ಬೇಕೋ ಅವರನ್ನ ಕರೆಸೋದೂ ನಮ್ಮ ಕೆಲಸವೇ.

ಇದು ಬರೀ ಒಳ್ಳೇ ಮನಸ್ಸಿಂದ ಆಗೋ ಕೆಲಸ ಅಲ್ಲ, ಕಲೀಬೇಕಾಗ್ತದೆ. ಆಂಟನ್ ಬೋಯ್ಸನ್ ಅಂತ ಅಮೆರಿಕದ ಪಾದ್ರಿ, ಸ್ವತಃ ಮಾನಸಿಕ ಕಾಯಿಲೆಯಾಗಿ ಆಸ್ಪತ್ರೇಲಿ ಇದ್ದು ಬಂದವರು, 1925ರಲ್ಲಿ ವೂಸ್ಟರ್ ಅನ್ನೋ ಊರಿನ ಮಾನಸಿಕ ಆಸ್ಪತ್ರೆಗೆ ಥಿಯಾಲಜಿ ವಿದ್ಯಾರ್ಥಿಗಳನ್ನ ಕರ್ಕೊಂಡು ಹೋಗಿ ಪುಸ್ತಕ ಓದಿದ ಹಾಗೆ ಮನುಷ್ಯರನ್ನ ಓದಿ ಅಂದ್ರು. ಅಲ್ಲಿಂದ ಬೆಳೆದ ತರಬೇತಿಗೆ ಕ್ಲಿನಿಕಲ್ ಪಾಸ್ಟೊರಲ್ ಎಜುಕೇಶನ್, ಸಿಪಿಇ ಅಂತಾರೆ, ಅಮೆರಿಕದಲ್ಲಿ ಒಂದು ಯೂನಿಟ್‌ಗೆ 400 ಗಂಟೆ, ಪೂರ್ತಿ ಸರ್ಟಿಫಿಕೇಟ್ ಬೇಕಂದ್ರೆ ಅಂಥ ನಾಲ್ಕು. ನಮ್ಮಲ್ಲಿ ವೆಲ್ಲೂರಿನ ಸಿಎಂಸಿಯಂಥ ಕಡೆ ಕಲಿಸ್ತಾರೆ. ಅದ್ರಲ್ಲಿ ಅತಿ ಕಷ್ಟದ್ದು ವರ್ಬೇಟಿಮ್, ಅಂದ್ರೆ ರೋಗಿ ಎಂತ ಹೇಳಿದ್ರು, ನಾನು ಎಂತ ಹೇಳಿದೆ, ಎಲ್ಲಿ ಸುಮ್ನಾದೆ ಅಂತ ಒಂದಕ್ಷರ ಬಿಡದೆ ಬರೆದು ಎಲ್ಲರ ಎದುರು ಓದೋದು.

ನನ್ನ ಮೊದಲನೇ ವರ್ಬೇಟಿಮ್ ಇವತ್ತಿಗೂ ನೆನಪಿದೆ. ಮಗು ಕಳ್ಕೊಂಡ ಒಬ್ಬ ತಾಯಿ ಹತ್ರ ನಾನು "ದೇವರು ಏನು ಮಾಡಿದ್ರೂ ಒಳ್ಳೇದಕ್ಕೇ ಮಾಡ್ತಾನಮ್ಮ" ಅಂದಿದ್ದೆ. ಅವಳು ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿದ್ಲು. ಅದನ್ನ ಓದುವಾಗ ನಮ್ಮ ಗುರುಗಳು ಒಂದೇ ಕೇಳಿದ್ರು, ಆ ಮಾತು ಯಾರ ಸಮಾಧಾನಕ್ಕೆ ಹೇಳಿದ್ದು, ಅವಳದ್ದಕ್ಕಾ ನಿಂದಕ್ಕಾ ಅಂತ. ಅವಳ ಅಳು ನನಗೆ ನೋಡ್ಲಿಕ್ಕಾಗಿರ್ಲಿಲ್ಲ, ಅದಕ್ಕೇ ಹೇಳಿದ್ದು ನಾನು. ಆವತ್ತಿಂದ ಆ ವಾಕ್ಯ ನನ್ನ ಬಾಯಲ್ಲಿ ಬಂದಿಲ್ಲ. ನೀವೂ ರೋಗಿ ನೋಡ್ಲಿಕ್ಕೆ ಹೋದಾಗ ದಯವಿಟ್ಟು ಹೇಳ್ಬೇಡಿ, ಎಲ್ಲ ಹಣೆಬರಹ, ಕರ್ಮ, ಅನ್ನೋದನ್ನೂ ಹೇಳ್ಬೇಡಿ, ರೋಗಿ ತಾನಾಗೇ ಹೇಳಿದ್ರೆ ಬೇರೆ ವಿಷ್ಯ.

ಯಾಕಂದ್ರೆ ಹಾಸಿಗೆ ಮೇಲಿರೋರು ನನಗ್ಯಾಕೆ ಹೀಗಾಯ್ತು ಅನ್ನೋ ಪ್ರಶ್ನೇನ ಮೊದ್ಲೇ ತಮ್ಮೊಳಗೆ ಕೇಳ್ಕೊಂಡಿರ್ತಾರೆ. ಒಬ್ಬ ಮೀನುಗಾರರು, ಹರಿಕಂತ್ರ ಸಮಾಜದವರು, ಲಿವರ್ ಕೆಟ್ಟು ಬಂದಿದ್ರು, ಮೂರು ದಿನ ನಾನು ಹೋಗಿ ಕೂತು ಬಂದದ್ದಷ್ಟೇ, ಮಾತೇ ಇಲ್ಲ. ನಾಲ್ಕನೇ ದಿನ ಕಿಟಕಿ ನೋಡ್ತಾ, ತಮ್ಮನನ್ನ ಬೇಡ ಬೇಡ ಅಂದ್ರೂ ಆ ದಿನ ಬೋಟಿಗೆ ಹತ್ತಿಸ್ಕೊಂಡು ಹೋದವ ನಾನೇ ಬಾಯಿ, ಅವನ ಹೆಣ ಸಿಕ್ಕಿಲ್ಲ, ಅದಕ್ಕೇ ದೇವರು ನಂಗೆ ಹೀಗೆ ಮಾಡಿದ್ನಾ ಅಂತ ಕೇಳಿದ್ರು. ನೋವಿನ ಔಷಧಿ ಎಷ್ಟು ಹೆಚ್ಚಿಸಿದ್ರೂ ಆ ಮನುಷ್ಯನಿಗೆ ನಿದ್ದೆ ಬರ್ತಿರ್ಲಿಲ್ಲ, ಯಾಕೆ ಅಂತ ಆವತ್ತು ಡಾಕ್ಟ್ರಿಗೂ ಅರ್ಥ ಆಯ್ತು. ಸಿಸಿಲಿ ಸಾಂಡರ್ಸ್ ಅಂತ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದ್ರೆ ಕೊನೇ ಹಂತದವರನ್ನ ನೋಡ್ಕೊಳ್ಳೋ ಜಾಗ ತೆರೆದ ಡಾಕ್ಟ್ರು ಇದಕ್ಕೆ ಒಟ್ಟು ನೋವು ಅನ್ನೋ ಅರ್ಥದ ಹೆಸರು ಕೊಟ್ಟಿದ್ರು, ದೇಹದ್ದು, ಮನಸ್ಸಿನದ್ದು, ಸಂಸಾರದ್ದು, ಆತ್ಮದ್ದು ಎಲ್ಲ ಒಂದಕ್ಕೊಂದು ಹೆಣ್ಕೊಂಡಿರ್ತದೆ ಅಂತ. ನಾನು ಅವರಿಗೆ ಉತ್ತರ ಕೊಡ್ಲಿಲ್ಲ, ಕೊಡ್ಲಿಕ್ಕೆ ನನ್ನ ಹತ್ರ ಇಲ್ಲ. ತಮ್ಮ ಹೇಗಿದ್ದ, ಹೇಳಿ ಅಂದೆ. ಎರಡು ಗಂಟೆ ಹೇಳಿದ್ರು. ಆಮೇಲೆ ತಮ್ಮನ ಹೆಂಡತಿಯನ್ನ ಕರೆಸಿ ಅಂದ್ರು, ಅವರು ಬಂದ್ರು, ಇಬ್ರೂ ಎಂತ ಮಾತಾಡಿದ್ರು ಅಂತ ನನಗೆ ಗೊತ್ತಿಲ್ಲ, ನಾನು ಹೊರಗೆ ಬಂದಿದ್ದೆ.

ಹೇಳಿದ್ದು ಗುಟ್ಟಾಗಿ ಇರ್ತದಾ ಅಂದ್ರೆ ಇರ್ತದೆ. ಜೀವ ತೆಗೊಳ್ಳೋ ಯೋಚನೆ ಇದೆ ಅಂತ ಹೇಳಿದ್ರೆ ಮಾತ್ರ ಡಾಕ್ಟ್ರಿಗೆ ತಿಳಿಸ್ಲೇಬೇಕು, ಅದನ್ನ ರೋಗಿಗೂ ಹೇಳ್ತೇನೆ. ಫೈಲಿನಲ್ಲಿ ಬರೆಯೋದು ಒಂದೆರಡು ಸಾಲು.

ನಮ್ಮ ಜಿಲ್ಲೆಯವರಿಗೆ ಇದು ಜಾಸ್ತಿ ಬೇಕು ಅಂತ ನನಗೆ ಅನಿಸೋದಕ್ಕೆ ಕಾರಣ ಇದೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದಿದೆ, ಆದ್ರೂ ದೊಡ್ಡ ಕಾಯಿಲೆ ಅಂದ್ರೆ ಇನ್ನೂ ಗೋವಾದ ಬಾಂಬೋಳಿಗೆ, ಹುಬ್ಬಳ್ಳಿಗೆ, ಮಣಿಪಾಲಕ್ಕೆ, ಮಂಗಳೂರಿಗೆ ಓಡ್ಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಲ್ಲಿ ಪಲ್ಟಿಯಾಗಿ ನಾಲ್ಕು ಜನ ಹೋದದ್ದು ಯಾರು ಮರೆತಿದ್ದಾರೆ. ಅಷ್ಟು ದೂರ ಜೀವ ಕೈಯಲ್ಲಿ ಹಿಡ್ಕೊಂಡು ಬಂದವರಿಗೆ ಅಲ್ಲಿ ತಮ್ಮ ಊರಿನ ಭಟ್ರಿಲ್ಲ, ಪಕ್ಕದ ಮನೆಯವರಿಲ್ಲ, ಮಾತೂ ಬೇರೆ. ರಾತ್ರಿ ಎರಡು ಗಂಟೆಗೆ ಇನ್ನು ಮನೆಗೆ ಕರ್ಕೊಂಡು ಹೋಗೋದಾ, ಇಲ್ಲೇ ಇಡೋದಾ ಅಂತ ಕಾರಿಡಾರಲ್ಲಿ ಕೂತು ತೀರ್ಮಾನ ಮಾಡ್ಬೇಕಾದಾಗ ಡಾಕ್ಟ್ರು ಹೇಳಿದ್ದನ್ನ ಕೊಂಕಣೀಲೋ ಕನ್ನಡದಲ್ಲೋ ಇನ್ನೊಮ್ಮೆ ನಿಧಾನ ಹೇಳೋರು ಒಬ್ರು ಹತ್ರ ಇರ್ಬೇಕು.

ಮುಂದಿನ ಸಲ ಅಪ್ಪ ಚೆಕಪ್‌ಗೆ ಹೋದಾಗ ಅವರಿಗೇ ಮಾತಾಡಬೇಕು ಅನಿಸಿದ್ರೆ ವಾರ್ಡಿನ ಸಿಸ್ಟರ್ ಹತ್ರ ಹೇಳಿ, ಕರೆಸ್ತಾರೆ, ಅದಕ್ಕೆ ಬೇರೆ ದುಡ್ಡು ಕೇಳಿದ್ರೆ ಕೊಡ್ಬೇಡಿ. ಆಯಿ ಅಲ್ಲೇ ಕೂತಿರ್ಲಿ. ಬಂದವರು ಸರಿಯಾದವರಾದ್ರೆ ಮೊದಲು ಕೇಳೋದು ಇಷ್ಟೇ, ಕಷ್ಟ ಬಂದಾಗ ನಿಮಗೆ ಧೈರ್ಯ ಕೊಡೋದು ಯಾವುದು, ನಿಮ್ಮವರು ಅಂತ ಯಾರಿದ್ದಾರೆ, ಇಲ್ಲಿ ನಾವು ಎಂತ ಮಾಡಿದ್ರೆ ನಿಮಗೆ ಸ್ವಲ್ಪ ಹಗುರ ಆಗ್ತದೆ. ಅಪ್ಪ ಮಹಾಬಲೇಶ್ವರ ಅಂದ್ರೆ ಮಹಾಬಲೇಶ್ವರ, ತೋಟ ಅಂದ್ರೆ ತೋಟ, ಮೊಮ್ಮಗನ ಜೊತೆ ಒಂದು ವೀಡಿಯೋ ಕಾಲ್ ಅಂದ್ರೆ ಅದನ್ನೇ ಮಾಡಿಸಿ ಕೊಡ್ತಾರೆ.