ಸಾಕೆಟ್‌ನಲ್ಲಿ ಕೂತರೆ ಸಾಕಾ? ಬೋರ್ಡಿಗೆ ಪರಿಚಯ ಬೇಡ್ವಾ?

ಹೊಸ ಪ್ರೊಸೆಸರ್ ಮದರ್‌ಬೋರ್ಡಿನ ಸಾಕೆಟ್‌ನಲ್ಲಿ, ಅಂದರೆ ಅದಕ್ಕೆಂದೇ ಇರುವ ಜಾಗದಲ್ಲಿ, ಸರಿಯಾಗಿಯೇ ಕೂತಿದೆ. ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ. ಪರದೆ ಮಾತ್ರ ಕಪ್ಪು. ಮದರ್‌ಬೋರ್ಡಿನ ಅಂಚಿನಲ್ಲಿ ‘ಸಿಪಿಯು’ (ಅಂದರೆ ಪ್ರೊಸೆಸರ್) ಎಂದು ಬರೆದ ಪುಟ್ಟ ಎಲ್‌ಇಡಿ ಉರಿಯುತ್ತಲೇ ಇದೆ. ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರು ಇಲ್ಲಿಗೆ ಬಂದಾಗ ಮೊದಲು ಬೈಯುವುದು ಪ್ರೊಸೆಸರನ್ನೇ. ಅದು ನಿಜವಾಗಿ ಕೆಟ್ಟಿರುವುದು ಅಪರೂಪ. ಬಹಳ ಸಲ ಬೋರ್ಡಿಗೆ ಅದರ ಪರಿಚಯವೇ ಇರುವುದಿಲ್ಲ.

ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 1331 ತೂತುಗಳಿವೆ. 2017ರ ಮೊದಲ ರೈಜನ್ ಪ್ರೊಸೆಸರಿನಿಂದ ಹಿಡಿದು 2020ರ ರೈಜನ್ 5000ದವರೆಗೆ ಎಲ್ಲವೂ ಅದೇ ತೂತುಗಳಿಗೆ ಇಳಿಯುತ್ತವೆ. ಆದರೆ ಯಾವ ಪ್ರೊಸೆಸರನ್ನು ಹೇಗೆ ಎಬ್ಬಿಸಬೇಕು, ಮೆಮೊರಿ ಜೊತೆ ಅದನ್ನು ಹೇಗೆ ಮಾತಾಡಿಸಬೇಕು ಎಂಬುದೆಲ್ಲ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶದಲ್ಲಿರುತ್ತದೆ. ಅದು ಕೂರುವುದು ಬೋರ್ಡಿನ ಒಂದು ಚಿಪ್‌ನಲ್ಲಿ. ಹಳೆಯ ಎಷ್ಟೋ ಬೋರ್ಡುಗಳಲ್ಲಿ ಆ ಚಿಪ್‌ನ ಜಾಗ ಬರೀ 16 ಎಂಬಿ. ಎಲ್ಲ ತಲೆಮಾರುಗಳ ಮಾಹಿತಿ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಕೆಲವು ಕಂಪನಿಗಳು ಹೊಸ ಪ್ರೊಸೆಸರಿಗೆ ಜಾಗ ಮಾಡಲು ಹಳೆಯದನ್ನು ಕೈಬಿಟ್ಟವು. 2020ರ ಮೇ ತಿಂಗಳಲ್ಲಿ ಎಎಂಡಿ ಈ ಜಾಗದ ಕಾರಣವನ್ನೇ ಕೊಟ್ಟು, ಮುಂದೆ ಬರುವ ಪ್ರೊಸೆಸರ್‌ಗಳು ಹಳೆಯ 400 ಸರಣಿಯ ಬೋರ್ಡುಗಳಲ್ಲಿ ನಡೆಯುವುದಿಲ್ಲ ಎಂದಿತು. ಗ್ರಾಹಕರು ಗಲಾಟೆ ಎಬ್ಬಿಸಿದರು. ಅದೇ ತಿಂಗಳು ಕಂಪನಿ ಮಾತು ಬದಲಿಸಿತು.

ಸರಿ, ಬಯಾಸ್ ಅಪ್‌ಡೇಟ್ ಮಾಡೋಣ ಅಂದರೆ ಕಂಪ್ಯೂಟರ್ ಆನ್ ಆಗಬೇಕು. ಆನ್ ಆಗಬೇಕಾದರೆ ಅಪ್‌ಡೇಟ್ ಆಗಿರಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ! 2018ರಲ್ಲಿ ಹೀಗೆ ಸಿಕ್ಕಿಹಾಕಿಕೊಂಡವರಿಗೆ ಎಎಂಡಿ ಅಪ್‌ಡೇಟ್ ಮುಗಿಯುವವರೆಗೆ ಬಳಸಲು ಬೇರೊಂದು ಪ್ರೊಸೆಸರನ್ನೇ ಕಡ ಕೊಡುತ್ತಿತ್ತು. ಈಗ ಅನೇಕ ಬೋರ್ಡುಗಳ ಹಿಂದೆ ‘ಫ್ಲ್ಯಾಶ್‌ಬ್ಯಾಕ್’ ಬಟನ್ ಇರುತ್ತದೆ. ಪ್ರೊಸೆಸರ್ ಇಲ್ಲದಿದ್ದರೂ ಅದು ಪೆನ್‌ಡ್ರೈವ್‌ನಿಂದ ಬಯಾಸ್ ಓದಿಕೊಳ್ಳುತ್ತದೆ. ಆದರೆ ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಎಂಬ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಬೇಕು, ಫೈಲಿಗೆ ಮ್ಯಾನುಯಲ್ ಹೇಳಿದ ಹೆಸರೇ ಇರಬೇಕು, ಗುರುತು ಹಾಕಿದ ಪೋರ್ಟಿಗೇ ಚುಚ್ಚಬೇಕು. ಬಟನ್ ಇಲ್ಲದ ಬೋರ್ಡಾದರೆ ಬಿಲ್ ಮಾಡಿಸುವ ಮೊದಲೇ ಅಂಗಡಿಯವರಿಗೆ ಅಪ್‌ಡೇಟ್ ಮಾಡಿಕೊಡಿ ಅನ್ನಿ.

ಇನ್ನೊಂದು ಪ್ರೊಸೆಸರ್ ಕಂಪನಿ ಇಂಟೆಲ್‌ನದು ಇನ್ನೂ ಖಡಕ್ಕು. 2017ರ ಎಂಟನೇ ತಲೆಮಾರಿನ ಪ್ರೊಸೆಸರ್ ಹಳೆಯ 1151 ಸಾಕೆಟ್‌ನಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಆ ಸಾಕೆಟ್ ಇರುವ 100 ಮತ್ತು 200 ಸರಣಿಯ ಬೋರ್ಡುಗಳಿಗೆ ಕಂಪನಿ ಅದರ ಬೆಂಬಲವನ್ನೇ ಕೊಡಲಿಲ್ಲ.

ಅಂದಹಾಗೆ, ಬಯಾಸ್ ಹೊಸದಾಗಿದ್ದೂ ಪರದೆ ಕಪ್ಪಾಗಿದ್ದರೆ ಎಚ್‌ಡಿಎಂಐ ಕೇಬಲ್ ಎಲ್ಲಿದೆ ನೋಡಿ. ರೈಜನ್ 5600ಎಕ್ಸ್‌ನ ಒಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇಲ್ಲ, ಅದು ಬೇರೆ ಗ್ರಾಫಿಕ್ಸ್ ಕಾರ್ಡಿನಿಂದಲೇ ಬರಬೇಕು. ಕೇಬಲನ್ನು ಬೋರ್ಡಿಗೆ ಸಿಕ್ಕಿಸಿ ಎಷ್ಟು ಕಾದರೂ ಏನೂ ಬರುವುದಿಲ್ಲ.

ಯುಎಸ್‌ಬಿ ಕಾಟಕ್ಕೂ ಎಷ್ಟೋ ಸಲ ಇದೇ ಪ್ರೊಸೆಸರ್ ಮತ್ತು ಬಯಾಸ್ ಕಾರಣ. ಕಂಪ್ಯೂಟರಿನ ಹಿಂಬದಿಯ ಯುಎಸ್‌ಬಿ ಪೋರ್ಟುಗಳು ನೋಡಲು ಎಲ್ಲ ಒಂದೇ ಥರ. ಒಳಗೆ ಹಾಗಲ್ಲ. ಕೆಲವು ನೇರ ಪ್ರೊಸೆಸರಿಗೆ ಹೋಗುತ್ತವೆ, ಉಳಿದವು ಬೋರ್ಡಿನ ಮೇಲಿರುವ ಚಿಪ್‌ಸೆಟ್ ಎಂಬ ಬೇರೊಂದು ಚಿಪ್‌ಗೆ. 2021ರ ಆರಂಭದಲ್ಲಿ ಎಎಂಡಿಯ 500 ಸರಣಿಯ ಬೋರ್ಡುಗಳಲ್ಲಿ ಮೌಸ್, ಹೆಡ್‌ಸೆಟ್‌ಗಳು ಆಗಾಗ ಸುಮ್ನೆ ಕಳಚಿಕೊಳ್ಳುತ್ತಿದ್ದವು. ಜನ ಕೇಬಲ್ ಬದಲಿಸಿದರು, ವಿಂಡೋಸ್ ಮತ್ತೆ ಹಾಕಿದರು. ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ಸಂಪರ್ಕದ ವೇಗವನ್ನು ಬಯಾಸ್‌ನಲ್ಲಿ ನಾಲ್ಕನೇ ತಲೆಮಾರಿನಿಂದ (ಜೆನ್ 4) ಮೂರನೆಯದಕ್ಕೆ (ಜೆನ್ 3) ಇಳಿಸಿದಾಗ ಕೆಲವರ ಮೌಸ್ ಸರಿಹೋಯಿತು! ಯಾರು ನಂಬ್ತಾರೆ ಹೇಳಿ? ಫೆಬ್ರುವರಿಯಲ್ಲಿ ಎಎಂಡಿ ತೊಂದರೆ ಇರುವುದನ್ನು ಒಪ್ಪಿಕೊಂಡಿತು. ಏಪ್ರಿಲ್ ಹೊತ್ತಿಗೆ ಬಯಾಸ್ ಅಪ್‌ಡೇಟ್‌ನಲ್ಲೇ ಪರಿಹಾರ ಬರತೊಡಗಿತು.

ಆದ್ದರಿಂದ ಸಾಧನ ಕಳಚಿಕೊಂಡಾಗ ಪಕ್ಕದ ಪೋರ್ಟಿಗೆ ಚುಚ್ಚಿ ನೋಡುವುದಷ್ಟೇ ಸಾಲದು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಡಿವೈಸಸ್ ಬೈ ಕನೆಕ್ಷನ್’ ಆರಿಸಿದರೆ ಯಾವ ಪೋರ್ಟ್ ಯಾವ ಕಂಟ್ರೋಲರ್ (ಪೋರ್ಟುಗಳನ್ನು ನಡೆಸುವ ಭಾಗ) ಕೆಳಗಿದೆ ಎಂದು ಕಾಣುತ್ತದೆ. ಬೇರೆ ಕಂಟ್ರೋಲರಿನ ಪೋರ್ಟಿಗೆ ಹಾಕಿ. ಅಲ್ಲಿ ಸರಿಯಾದರೆ ಸಾಧನದ್ದು ತಪ್ಪಲ್ಲ.

ವೈರ್‌ಲೆಸ್ ಮೌಸ್ ಮಾತ್ರ ತಡವರಿಸುತ್ತಿದ್ದರೆ ಬಯಾಸ್ ತಂಟೆಗೆ ಹೋಗಬೇಡಿ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಹೊಮ್ಮುತ್ತದೆ. ಬಹುತೇಕ ವೈರ್‌ಲೆಸ್ ಮೌಸ್‌ಗಳು ನಡೆಯುವುದೂ ಅದೇ ತರಂಗದಲ್ಲಿ. ಪಕ್ಕದಲ್ಲೇ ಹಾರ್ಡ್‌ಡಿಸ್ಕ್‌ಗೆ ಫೈಲ್ ಕಾಪಿ ಆಗುತ್ತಿದ್ದರೆ ತೊಂದರೆ ಜಾಸ್ತಿ. ಒಂದು ಸಣ್ಣ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಮೌಸ್‌ನ ರಿಸೀವರನ್ನು (ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ತುಂಡು) ಮೌಸ್ ಹತ್ತಿರಕ್ಕೆ ತಂದಿಟ್ಟರೆ ಸಾಕು.